ಬಯಲಿನಲ್ಲಿರುವ ತಂತ್ರಾಂಶಕ್ಕೆ ನಮ್ಮ ನೆರವು

೨೦೧೪ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಗಣಕತಜ್ಞರನ್ನು ಬೆಚ್ಚಿಬೀಳಿಸಿದ ಸಂಗತಿಯೊಂದು ಹೊರಬಿದ್ದಿತು. ಅಂತರಜಾಲದಲ್ಲಿ ನಮ್ಮ ಗುಟ್ಟಿನ ಪದಗಳನ್ನು ಗೂಢಲಿಪಿಯಲ್ಲಿ ಅಡಗಿಸಿ ಸಾಗಿಸುವ 'ಓಪನ್‌ಎಸ್‌ಎಸ್‌ಎಲ್' ಎಂಬ ತಂತ್ರಾಂಶದಲ್ಲಿ ದೊಡ್ಡದೊಂದು ಬಿರುಕಿತ್ತು. ಒಂದು ಗಣಕವು ಮತ್ತೊಂದನ್ನು, 'ಎಚ್ಚರವಾಗಿರುವೆಯಾ? ನಾನು ಕಳುಹಿಸಿದ ಇಷ್ಟು ಅಕ್ಷರಗಳನ್ನು ಮರಳಿ ಹೇಳು' ಎಂದು ಕೇಳುವ ಪದ್ಧತಿಯುಂಟು. ಕಳುಹಿಸಿದುದು ನಾಲ್ಕೇ ಅಕ್ಷರವಾಗಿದ್ದು, ಸಾವಿರಾರು ಎಂದು ಸುಳ್ಳು ಹೇಳಿದರೂ ಉತ್ತರ ಕೊಡುವ ಗಣಕವು ಎಣಿಸಿ ನೋಡುತ್ತಿರಲಿಲ್ಲ. ತನ್ನ ನೆನಪಿನ ಕೋಶದಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ, ಪರರ ಗುಟ್ಟನ್ನೂ ಸೇರಿಸಿ, ಒಪ್ಪಿಸಿಬಿಡುತ್ತಿತ್ತು. 'ಹಾರ್ಟ್‌ಬ್ಲೀಡ್' ಎಂದು ಹೆಸರಾದ ಈ ದೋಷವು ಎರಡು ವರ್ಷ ಬೆಳಕಿಗೆ ಬರಲಿಲ್ಲ.

ಸೋಜಿಗವೆಂದರೆ, ಆ ತಂತ್ರಾಂಶದ ಆಕರಲಿಪಿಯನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಬಯಲಿನಲ್ಲಿರುವುದು ಬೇರೆ, ಓದುವವರಿರುವುದು ಬೇರೆ! ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ ಮಾತ್ರ.

ಇಂಥ ಮುಕ್ತ ತಂತ್ರಾಂಶಕ್ಕೆ ವಿದ್ಯಾರ್ಥಿಗಳಾದವರು ಏನು ನೆರವು ನೀಡಬಲ್ಲರೆಂಬುದನ್ನು ಈಗ ವಿಚಾರಿಸೋಣ. ನಾವು ದಿನವೂ ಬಳಸುವ ತಂತ್ರಾಂಶದಿಂದ ಹೊರಡುವುದು ಲೇಸು. ಗಣಕದ ತೆರೆಯ ಮೇಲೆ ಅಕ್ಷರಗಳನ್ನು ಜೋಡಿಸಿ ನಿಲ್ಲಿಸುವ 'ಹಾರ್ಫ್‌ಬಜ್' ಎಂಬುದು ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮೊದಲಾದವುಗಳ ಒಡಲಲ್ಲಿದೆ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ತಪ್ಪಾದ ಸ್ಥಳದಲ್ಲಿ ಬಿದ್ದರೆ, ಕನ್ನಡ ಬಲ್ಲವರಲ್ಲದೆ ಮತ್ತಾರು ಅದನ್ನು ಗುರುತಿಸಿಯಾರು? ಆದರೆ 'ಅಕ್ಷರ ಸರಿಯಿಲ್ಲ' ಎಂದಷ್ಟೆ ಬರೆದರೆ ಪ್ರಯೋಜನವಿಲ್ಲ. ಯಾವ ಪದ, ಯಾವ ಅಕ್ಷರವಿನ್ಯಾಸ, ತಂತ್ರಾಂಶದ ಎಷ್ಟನೆಯ ಆವೃತ್ತಿ, ಕಂಡುದೇನು, ಕಾಣಬೇಕಾಗಿದ್ದುದೇನು ಎಂಬುದನ್ನು ತಿಳಿಸಬೇಕು. ಓದಿದವನು ತನ್ನ ಗಣಕದಲ್ಲಿ ಅದೇ ತಪ್ಪನ್ನು ಮತ್ತೆ ಬರಿಸಿ ನೋಡುವಂತಿದ್ದರೆ ಅರ್ಧ ಕೆಲಸ ಮುಗಿದಂತೆ. ಬೇರೊಬ್ಬರು ಮೊದಲೇ ತಿಳಿಸಿದ್ದಾರೆಯೇ ಎಂದು ಹುಡುಕುವುದನ್ನೂ ಮರೆಯಬಾರದು.

ತಿದ್ದುವ ಸಾಮರ್ಥ್ಯವಿದ್ದವರು ಆಕರಲಿಪಿಯ ಪ್ರತಿಯೊಂದನ್ನು ತಂದುಕೊಂಡು, ಬದಲಾವಣೆ ಮಾಡಿ, ಪರೀಕ್ಷೆಗಳನ್ನು ನಡೆಸಿ, ಬದಲಾದ ಸಾಲುಗಳನ್ನು ಮಾತ್ರ ತೋರಿಸುವ 'ಪ್ಯಾಚ್' ಅಥವಾ ತೇಪೆಯನ್ನು ಕಳುಹಿಸುತ್ತಾರೆ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆದುದು ಇಂಥ ತೇಪೆಗಳಿಂದಲೇ. ಅವುಗಳ ಲೆಕ್ಕವಿಡಲೆಂದು ಅವರು ೨೦೦೫ರಲ್ಲಿ 'ಗಿಟ್' ಎಂಬ ಸಾಧನವನ್ನೂ ರಚಿಸಿದರು. ಒಂದು ತೇಪೆಗೆ ಒಂದೇ ವಿಷಯ. ಜೊತೆಯಲ್ಲಿ ಬದಲಾವಣೆ ಏಕೆ ಬೇಕಾಯಿತೆಂಬ ವಿವರಣೆ. ಈ ವಿವರಣೆಯನ್ನು ಹೊಸಬರು ಅಲಕ್ಷಿಸುವುದುಂಟು. ಪರಿಶೀಲಕರು ಮೊದಲು ಓದುವುದು ಅದನ್ನೇ. ಅವರು ಹತ್ತು ತಪ್ಪು ತೋರಿಸಿ ಹಿಂದಿರುಗಿಸಬಹುದು. ಸಿಟ್ಟಾಗದೆ ತಿದ್ದಿ ಮತ್ತೆ ಕಳುಹಿಸಬೇಕು.

ಪರಿಶೀಲನೆಯೂ ಒಂದು ಸೇವೆಯೇ. ಹಾರ್ಟ್‌ಬ್ಲೀಡ್ ದೋಷವು ಹೊಕ್ಕಿದ್ದೂ ಹೊರಗಿನವರೊಬ್ಬರು ಸದುದ್ದೇಶದಿಂದ ಕಳುಹಿಸಿದ ತೇಪೆಯಲ್ಲಿಯೇ. ಅದನ್ನು ನೋಡಿದವರ ಕಣ್ಣೂ ತಪ್ಪಿತ್ತು. ಕೊನೆಗೆ ಅದನ್ನು ವಾಸಿಮಾಡಿದ ತೇಪೆಯ ತಿರುಳು ಇಷ್ಟೆ: ಹೇಳಿದ ಅಳತೆಯು ಬಂದುದಕ್ಕಿಂತ ಹೆಚ್ಚಾಗಿದ್ದರೆ, ಉತ್ತರ ಕೊಡದೆ ಸುಮ್ಮನಿರು.