ಬೇರೆಯವರ ಮೆಡಿಕಲ್ ರೆಕಾರ್ಡ್ ನಿಮ್ಮ ಹತ್ತಿರ ಇದ್ದರೆ ಜೈಲಾಗುತ್ತಾ?

ಇವತ್ತಿನ ವಿಷಯ ಹೇಳೋಕೆ ನನಗೇ ಸ್ವಲ್ಪ ಮುಜುಗರ. ಯಾಕಂದ್ರೆ ಇದರಲ್ಲಿ ತಪ್ಪು ಮಾಡಿದವನು ನಾನೇ.

ನಾನಿರೋದು ವಡೋದರಾದ ಮಂಜಲ್‌ಪುರದಲ್ಲಿ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲೆ ಒಂದು ಹಳೇ ಹಾರ್ಡ್ ಡಿಸ್ಕ್ ಸಿಕ್ತು. ಲಾಕ್‌ಡೌನ್ ಸಮಯದಲ್ಲಿ ಒಂದು ಆಸ್ಪತ್ರೆಯ ಸಾಫ್ಟ್‌ವೇರ್ ಪ್ರಾಜೆಕ್ಟ್‌ನಲ್ಲಿದ್ದೆ. ಟೆಸ್ಟಿಂಗ್‌ಗೆ ಅಂತ ಅಸಲಿ ರೋಗಿಗಳ ಡೇಟಾಬೇಸನ್ನೇ ಕೊಟ್ಟಿದ್ದರು. ಒಂದು ಬ್ಯಾಕಪ್ ಇರಲಿ ಅಂತ ಯಾರನ್ನೂ ಕೇಳದೆ ನನ್ನ ಸ್ವಂತ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಪ್ರಾಜೆಕ್ಟ್ ಮುಗೀತು, ಕಂಪನಿ ಬಿಟ್ಟೆ, ಡಿಸ್ಕ್ ಮಾತ್ರ ಉಳೀತು.

ಸುಮ್ಮನೆ ಅಳಿಸಬೇಕಿತ್ತು. ಆದರೆ ತೆರೆದು ನೋಡಿದೆ. ನಮ್ಮ ಸೊಸೈಟಿಯದೇ ಒಂದು ಹೆಸರು ಕಣ್ಣಿಗೆ ಬಿತ್ತು. ನಾವೆಲ್ಲ ಮಾಸಿ ಅಂತ ಕರೆಯೋರು. ಅವರು ಮನೆಯವರಿಗೂ ಹೇಳಿರದ ಕಾಯಿಲೆ ಈಗ ನನಗೆ ಗೊತ್ತು. ಹೆಂಡತಿಗೆ ಡಿಸ್ಕ್ ವಿಷಯ ಹೇಳಿದೆ, ಹೆಸರು ಹೇಳಲಿಲ್ಲ. ಅವಳು ಕೇಳಿದ್ದು ಒಂದೇ: "ಇದನ್ನ ಇಟ್ಕೊಂಡಿದ್ದಕ್ಕೆ ಪೊಲೀಸರು ಹಿಡೀಬಹುದಾ ರೀ?"

ಆ ಪ್ರಶ್ನೆ ಹಿಡಿದುಕೊಂಡು ಕಾನೂನು ಓದಿದೆ. ನಾನು ವಕೀಲ ಅಲ್ಲ, ಇಂಜಿನಿಯರ್ ಓದಿದ ಹಾಗೆ ಓದಿದ್ದೀನಿ.

ಮೊದಲನೆಯದು, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಇದರ ಸೆಕ್ಷನ್ 43 ಪ್ರಕಾರ ಕಂಪ್ಯೂಟರಿನ ಹೊಣೆ ಹೊತ್ತವರ ಅನುಮತಿ ಇಲ್ಲದೆ ಡೇಟಾ ಕಾಪಿ ಮಾಡಿದರೆ ನಷ್ಟ ಪರಿಹಾರ ಕೊಡಬೇಕು. ಅದೇ ಕೆಲಸವನ್ನ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಸೆಕ್ಷನ್ 66. ಅಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದ್ರೆ ಮಾಡಿದ ಕೆಲಸ ಒಂದೇ, ಜೈಲೋ ಅಲ್ಲವೋ ಅನ್ನೋದನ್ನ ತೀರ್ಮಾನಿಸೋದು ಉದ್ದೇಶ.

"ಇಟ್ಟುಕೊಳ್ಳೋದು" ಅನ್ನೋ ಮಾತಿಗೆ ತೀರಾ ಹತ್ತಿರ ಬರೋದು ಸೆಕ್ಷನ್ 66ಬಿ. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬೋಕೆ ಕಾರಣ ಇದ್ದೂ, ಕಂಪ್ಯೂಟರ್ ಸಂಪನ್ಮೂಲವನ್ನ ಅಪ್ರಾಮಾಣಿಕವಾಗಿ ಪಡೆದರೆ ಅಥವಾ ಉಳಿಸಿಕೊಂಡರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಂಪ್ಯೂಟರ್ ಸಂಪನ್ಮೂಲ ಅಂದ್ರೆ ಬರೀ ಯಂತ್ರ ಅಲ್ಲ. ಈ ಕಾಯ್ದೆಯ ವ್ಯಾಖ್ಯಾನದಲ್ಲಿ ಡೇಟಾ ಕೂಡ ಸೇರುತ್ತೆ. ಇದು ಚಿಕ್ಕ ವಿಷಯ ಅಲ್ಲ.

ಯಾಕೆ ಅಂತೀರಾ? 2025ರ ಫೆಬ್ರವರಿಯಲ್ಲಿ ನಮ್ಮ ಗುಜರಾತಿನಲ್ಲೇ ಆದದ್ದು ನೆನಪಿರಬೇಕು. ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ತಪಾಸಣೆಯ ಸಿಸಿಟಿವಿ ದೃಶ್ಯಗಳು ಹೊರಬಿದ್ದು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ಅಹಮದಾಬಾದಿನ ಸೈಬರ್ ಕ್ರೈಂ ಪೊಲೀಸರು ಕೇಸು ಹಾಕಿ, ಮಹಾರಾಷ್ಟ್ರ ಮತ್ತು ಪ್ರಯಾಗ್‌ರಾಜ್‌ನಿಂದ ಆರೋಪಿಗಳನ್ನ ಹಿಡಿದು ತಂದರು. ಮಾರಿದವರ ಸುದ್ದಿ ಪೇಪರಿನಲ್ಲಿ ಬಂತು. ದುಡ್ಡು ಕೊಟ್ಟು ಇಳಿಸಿಕೊಂಡು ಇಟ್ಟುಕೊಂಡವರ ಕಥೆ? ನನ್ನ ಓದಿನಲ್ಲಿ 66ಬಿ ಅಂಥವರ ಕಡೆಗೇ ಬೆರಳು ತೋರಿಸುತ್ತೆ.

ಎರಡನೆಯದು, ವಿಶೇಷ ಕಾನೂನುಗಳು. ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳ ಹೆಸರನ್ನ ವೈದ್ಯರು ಬಹಿರಂಗ ಮಾಡಿದರೆ 1 ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. 2021ರ ತಿದ್ದುಪಡಿಯಲ್ಲಿ ಸೇರಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ವರ್ಷದ ಎಚ್‌ಐವಿ ಕಾಯ್ದೆಯಲ್ಲಿ, ಕೋರ್ಟ್ ಕಲಾಪದಲ್ಲಿ ಗೊತ್ತಾದ ಒಬ್ಬರ ಎಚ್‌ಐವಿ ಸ್ಥಿತಿಯನ್ನ ಬಹಿರಂಗ ಮಾಡಿದರೆ 1 ಲಕ್ಷದವರೆಗೆ ದಂಡ.

ಮೂರನೆಯದು ನನ್ನಂಥವರಿಗೆ. ಒಪ್ಪಂದದ ಕೆಲಸದಲ್ಲಿ ಸಿಕ್ಕ ಖಾಸಗಿ ಮಾಹಿತಿಯನ್ನ ಬೇರೆಯವರಿಗೆ ಹಾನಿಯಾಗುವಂತೆ ಹೊರಗೆ ಬಿಟ್ಟರೆ ಸೆಕ್ಷನ್ 72ಎ ಅಡಿ 3 ವರ್ಷದವರೆಗೆ ಜೈಲಿತ್ತು. 2023ರ ಜನ ವಿಶ್ವಾಸ್ ಕಾಯ್ದೆ ಆ ಜೈಲನ್ನ ತೆಗೆದು 25 ಲಕ್ಷದವರೆಗಿನ ದಂಡ ಇಟ್ಟಿತು. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿವರೆಗೆ ಹೋಗುತ್ತೆ. ಆದರೆ ಜೈಲಿಲ್ಲ, ಭಾರ ಬೀಳೋದೂ ಮುಖ್ಯವಾಗಿ ಸಂಸ್ಥೆಯ ಮೇಲೆ. ಅಮೆರಿಕದ ಹಿಪಾ ಕಾನೂನು ಬೇರೆ ದಾರಿ ಹಿಡಿದಿದೆ. ಅಲ್ಲಿ ಬೇರೆಯವರ ಆರೋಗ್ಯ ಮಾಹಿತಿಯನ್ನ ಗೊತ್ತಿದ್ದೇ ಅಕ್ರಮವಾಗಿ ಪಡೆದರೆ ಅದೇ ಅಪರಾಧ, 1 ವರ್ಷದವರೆಗೆ ಜೈಲು. ಮಾರೋ ಉದ್ದೇಶ ಇದ್ದರೆ 10 ವರ್ಷದವರೆಗೆ.

ಹಾಗಾದ್ರೆ ನನ್ನ ಗತಿ? ನಾನು ಕದಿಯಲಿಲ್ಲ, ಮಾರಲಿಲ್ಲ, ಯಾರಿಗೂ ತೋರಿಸಲಿಲ್ಲ. ಕೇಳದೆ ಕಾಪಿ ಮಾಡಿದ್ದಕ್ಕೆ ಸೆಕ್ಷನ್ 43 ತಗುಲಬಹುದು, ಜೈಲು ಬಹುಶಃ ಇಲ್ಲ. ಆದರೆ ಆ ಡಿಸ್ಕನ್ನ ನಾನು ಹಾಗೇ ಗುಜರಿಗೆ ಹಾಕಿದ್ದರೆ? ಮಾಸಿಯ ಗುಟ್ಟು ಯಾರ ಕೈಗೆ ಹೋಗ್ತಿತ್ತೋ. ನನಗೆ ಕೆಟ್ಟ ಉದ್ದೇಶ ಇರಲಿಲ್ಲ ಅನ್ನೋದರಿಂದ ಅವರಿಗೆ ಆಗೋ ನಷ್ಟ ಕಡಿಮೆ ಆಗುತ್ತಾ?

ನಾನು ಮಾಡಿದ್ದಿಷ್ಟು. ಹಳೇ ಮ್ಯಾನೇಜರ್‌ಗೆ ಮೇಲ್ ಹಾಕಿ, ಹೀಗೊಂದು ಕಾಪಿ ನನ್ನ ಹತ್ತಿರ ಇದೆ ಅಂತ ಒಪ್ಪಿಕೊಂಡೆ. ಅಳಿಸಿ ಅಂತ ಲಿಖಿತ ಉತ್ತರ ಬಂದ ಮೇಲೆ ಪೂರ್ತಿ ಡಿಸ್ಕನ್ನ ಓವರ್‌ರೈಟ್ ಮಾಡಿದೆ. ಬರೀ ಡಿಲೀಟ್ ಸಾಲದು, ಅದನ್ನ ವಾಪಸ್ ತೆಗೀಬಹುದು. ಒಂದು ಎಚ್ಚರಿಕೆ: ತನಿಖೆ ನಡೀತಾ ಇದ್ದರೆ ಅಳಿಸೋಕೆ ಹೋಗಬೇಡಿ, ಅದು ಸಾಕ್ಷ್ಯನಾಶ ಆಗುತ್ತೆ. ಮೊದಲು ವಕೀಲರನ್ನ ಕೇಳಿ.

ಇಂಜಿನಿಯರ್ ಗೆಳೆಯರೇ, ನಿಮ್ಮ ಹಳೇ ಲ್ಯಾಪ್‌ಟಾಪು, ಪೆನ್‌ಡ್ರೈವು ಒಮ್ಮೆ ನೋಡಿ. ಟೆಸ್ಟಿಂಗ್‌ಗೆ ಅಸಲಿ ಡೇಟಾ ಕೊಟ್ಟರೆ ಬೇಡ ಅನ್ನಿ, ಹೆಸರು ನಂಬರ್ ಬದಲಿಸಿದ ನಕಲಿ ಡೇಟಾ ಕೇಳಿ.

ಡಿಸ್ಕ್ ಖಾಲಿಯಾಯ್ತು. ನನ್ನ ತಲೆ ಖಾಲಿಯಾಗಲಿಲ್ಲ. ಸಂಜೆ ಮಾಸಿ ಗೇಟಿನ ಹತ್ತಿರ ಸಿಕ್ಕು "ಕೇಮ್ ಛೋ ಬೇಟಾ" ಅಂತಾರೆ. ನಾನು "ಮಜಾಮಾ" ಅಂತೀನಿ. ಅವರ ಆರೋಗ್ಯ ಹೇಗಿದೆ ಅಂತ ತಿರುಗಿ ಕೇಳೋಕೆ ಮಾತ್ರ ಈಗ ಬಾಯಿ ಬರಲ್ಲ.