ಫಾಂಟ್ ಬದಲಿಸಿದರೆ ಸಾಕೇ?

ಫಾಂಟ್ ಕಡತದ ಹೆಸರಿನ ಕೊನೆಯಲ್ಲಿರುವ ಟಿಟಿಎಫ್ ಅಳಿಸಿ ಒಟಿಎಫ್ ಎಂದು ಬರೆದರೆ ಪರಿವರ್ತನೆ ಮುಗಿಯಿತು ಎಂಬ ನಂಬಿಕೆಯಿದೆ.

ವಾಸ್ತವ: ಬದಲಾದದ್ದು ಹೆಸರು ಮಾತ್ರ. ಅಕ್ಷರದ ಅಂಚಿನ ಗೆರೆಗಳನ್ನು ಈ ಎರಡೂ ಬಗೆಗಳು ಸಾಮಾನ್ಯವಾಗಿ ಬೇರೆ ಬೇರೆ ಗಣಿತದಲ್ಲಿ ಬರೆದಿಟ್ಟಿರುತ್ತವೆ. ನಿಜವಾದ ಪರಿವರ್ತನೆಗೆ ಫಾಂಟ್‌ಫೋರ್ಜ್‌ನಂಥ ತಂತ್ರಾಂಶ ಬೇಕು. ಅದು ಉಚಿತವಾಗಿಯೇ ಸಿಗುತ್ತದೆ.

ಅದೇ ತಂತ್ರಾಂಶದಲ್ಲಿ ಅಕ್ಷರಮಾಲೆಯನ್ನು ಚೆನ್ನಾಗಿ ಬಿಡಿಸಿದರೆ ಕನ್ನಡ ಫಾಂಟ್ ಸಿದ್ಧ ಎಂದೂ ಹಲವರು ತಿಳಿದಿದ್ದಾರೆ.

ವಾಸ್ತವ: ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಜಾಗವಿಲ್ಲ. ‘ಸ್ತ್ರೀ’ ಕಡತದಲ್ಲಿ ಆರು ಸಂಕೇತಗಳಾಗಿ ಕೂತಿರುತ್ತದೆ: ಸ, ವಿರಾಮ, ತ, ವಿರಾಮ, ರ, ಈಕಾರ. ಇವನ್ನು ಒಂದಾಗಿಸಿ ತೋರಿಸುವ ನಿಯಮಗಳನ್ನು ಫಾಂಟಿನೊಳಗೆ ಬರೆಯಬೇಕು. ಚಿತ್ರ ಎಷ್ಟೇ ಚೆಲುವಾಗಿರಲಿ, ನಿಯಮ ತಪ್ಪಿದರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಇನ್ನೊಂದು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಪೂರ್ತಿ ಆಯ್ದು ಯೂನಿಕೋಡ್ ಫಾಂಟ್ ಕೊಟ್ಟರೆ ಅದು ಯೂನಿಕೋಡ್ ಆಗುತ್ತದಂತೆ. ಡಿಟಿಪಿ ಕಾಲದಲ್ಲಿ ಕಂಪ್ಯೂಟರ್ ಕಲಿತ ನಾವು ಬಹುಮಂದಿ ಹೀಗೇ ನಂಬಿದ್ದೆವು.

ವಾಸ್ತವ: ಆಗುವುದಿಲ್ಲ. ಆ ಫಾಂಟುಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಲಿಪಿಯ ಸಂಕೇತಗಳ ಮೇಲೆ ಕೂರಿಸಿದ್ದವು. ಕಣ್ಣಿಗೆ ಕಂಡದ್ದು ಕನ್ನಡ, ಕಡತದಲ್ಲಿ ಉಳಿದದ್ದು ರೋಮನ್. ಫಾಂಟ್ ಬದಲಿಸಿದೊಡನೆ ಅದು ಬಯಲಾಗುತ್ತದೆ. ಅಂಥ ಕಡತದಲ್ಲಿ ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಬದಲಾಗಬೇಕಾದದ್ದು ಆಕಾರವಲ್ಲ, ಸಂಕೇತ. ಅದು ಪರಿವರ್ತಕ ತಂತ್ರಾಂಶದ ಕೆಲಸ.

ಪರಿವರ್ತಕಕ್ಕೆ ಹಾಕಿದ ಮೇಲೆ ಕರಡು ತಿದ್ದಬೇಕಿಲ್ಲ ಎಂಬುದೂ ಸರಿಯಲ್ಲ.

ವಾಸ್ತವ: ‘ಧರ್ಮ’ವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ: ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ಅಂದರೆ ರಕಾರ ಮಕಾರಕ್ಕಿಂತ ಮೊದಲು. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಸರಿಸಬೇಕು, ಎಡವುವುದು ಇಂಥಲ್ಲೇ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅಪಾಯ ಇನ್ನೂ ಹೆಚ್ಚು. ಸಂಕೇತ ಒಂದೇ ಆದ್ದರಿಂದ, ಯಾವ ಪದಕ್ಕೆ ಯಾವ ಫಾಂಟ್ ಎಂಬುದನ್ನು ನೋಡದ ಪರಿವರ್ತಕ ಅವನ್ನೂ ಅರ್ಥವಿಲ್ಲದ ಕನ್ನಡವಾಗಿಸುತ್ತದೆ.

ಆದ್ದರಿಂದ ಪರಿವರ್ತಿಸುವ ಮುನ್ನ ಮೂಲ ಕಡತವನ್ನೂ ಅದರ ಫಾಂಟನ್ನೂ ಜೊತೆಯಾಗಿ ತೆಗೆದಿಡಿ. ಆಮೇಲೆ ಎರಡನ್ನೂ ಎದುರುಬದುರು ಇಟ್ಟುಕೊಂಡು ಒಮ್ಮೆ ಪೂರ್ತಿ ಓದಿ.