ಬಾಗಿಲು ಕಾಯುವ ನಿಯಮಗಳು

ಔಷಧಿ ಅಂಗಡಿಯಿರಲಿ, ಮುದ್ರಣಾಲಯವಿರಲಿ, ನಾಲ್ಕು ಕಂಪ್ಯೂಟರುಗಳಿರುವ ಕಡೆ ರೌಟರ್ ಎಂಬ ಪುಟ್ಟ ಪೆಟ್ಟಿಗೆಯೂ ಇರುತ್ತದೆ. ಅವುಗಳನ್ನು ಇಂಟರ್‌ನೆಟ್ಟಿಗೆ ಜೋಡಿಸುವುದಷ್ಟೇ ಅದರ ಕೆಲಸವಲ್ಲ. ಯಾವ ಮಾಹಿತಿ ಒಳಬರಬೇಕು, ಯಾವುದು ಕೂಡದು ಎಂದು ತೀರ್ಮಾನಿಸುವ ‘ಫೈರ್‌ವಾಲ್’ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಜಾಲದಲ್ಲಿ ಮಾಹಿತಿ ಸಂಚರಿಸುವುದು ಪ್ಯಾಕೆಟ್‌ಗಳೆಂಬ ಸಣ್ಣ ಪೊಟ್ಟಣಗಳಾಗಿ. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸಗಳ ಜೊತೆಗೆ ಯಾವ ಬಾಗಿಲಿಗೆ ಎಂಬ ಸಂಖ್ಯೆಯೂ ಪೊಟ್ಟಣದ ಮೇಲಿರುತ್ತದೆ. ಈ ಸಂಖ್ಯೆಯೇ ‘ಪೋರ್ಟ್’. ಸುರಕ್ಷಿತ ಜಾಲತಾಣಗಳಿಗೆ 443, ದೂರದಿಂದಲೇ ವಿಂಡೋಸ್ ಕಂಪ್ಯೂಟರನ್ನು ನಡೆಸಲು 3389, ಕಚೇರಿಯೊಳಗೆ ಕಡತ ಹಂಚಿಕೊಳ್ಳಲು 445. ಇವನ್ನು ಓದಿ ‘ಬಿಡು’ ಅಥವಾ ‘ತಡೆ’ ಎನ್ನುವುದೇ ನಿಯಮ.

ಇಲ್ಲಿ ಬರೆದ ಕ್ರಮವೇ ಮುಖ್ಯ. ಹೆಚ್ಚಿನ ರೌಟರುಗಳು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತವೆ. ಮೊದಲು ಹೊಂದಿಕೆಯಾದುದೇ ಅಂತಿಮ. ಮೊದಲ ಸಾಲಿನಲ್ಲಿ ‘ಎಲ್ಲವನ್ನೂ ಬಿಡು’ ಎಂದು ಬರೆದು, ಎರಡನೆಯದರಲ್ಲಿ ‘3389 ತಡೆ’ ಎಂದರೆ ಎರಡನೆಯದು ಇದ್ದೂ ಇಲ್ಲದಂತೆ! ಆದ್ದರಿಂದ ಅಗತ್ಯವಾದ ಕೆಲವನ್ನು ಮೊದಲು ಹೆಸರಿಸಿ, ಕೊನೆಗೆ ‘ಉಳಿದುದೆಲ್ಲವನ್ನೂ ತಡೆ’ ಎಂದು ಬರೆಯುವುದೇ ಸರಿಯಾದ ಕ್ರಮ. ಹಾಗಾದರೆ ಜಾಲತಾಣ ನೋಡುವುದು ಹೇಗೆ? ಒಳಗಿನಿಂದ ಹೋದ ಕೋರಿಕೆಯನ್ನು ಫೈರ್‌ವಾಲ್ ನೆನಪಿಟ್ಟುಕೊಂಡು ಅದರ ಉತ್ತರವನ್ನು ಮಾತ್ರ ಒಳಬಿಡುತ್ತದೆ.

ಈ ಎಚ್ಚರ ಏಕೆ ಬೇಕು? 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ 445ರ ಬಾಗಿಲಿನಿಂದ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲೇ ಪರಿಹಾರ ಕೊಟ್ಟಿತ್ತು, ಅನೇಕರು ಅಳವಡಿಸಿಕೊಂಡಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗೆ ಪರಿಚಯದವರ ಅಂಗಡಿಯ ರೌಟರ್ ಸರಿಪಡಿಸುವ ಕೆಲಸ ಬಂದರೆ ಕೆಲವು ಸಂಗತಿಗಳು ನೆನಪಿರಲಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲು ಬದಲಿಸಬೇಕು. ಗ್ರಾಹಕರ ಮೊಬೈಲುಗಳಿಗೆ ಬೇರೆಯೇ ವೈಫೈ ಕೊಟ್ಟು, ಅಲ್ಲಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ದಾರಿಯಿಲ್ಲದಂತೆ ಮಾಡಬೇಕು. ಯಾವ ಬಾಗಿಲನ್ನು ಯಾರಿಗಾಗಿ ತೆರೆದಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಕೆಲಸ ಮುಗಿದೊಡನೆ ಮುಚ್ಚಿ.

ಫೈರ್‌ವಾಲ್ ಒಂದೇ ಸಾಲದು ಎಂಬುದೂ ನಿಜ. ಸೋಂಕು ತಗುಲಿದ ಲ್ಯಾಪ್‌ಟಾಪನ್ನು ನಾವೇ ಒಳಗೆ ತಂದರೆ ಹೊರಬಾಗಿಲ ಕಾವಲು ಏನು ಮಾಡೀತು? ಕಡತಗಳ ಇನ್ನೊಂದು ಪ್ರತಿ ಜಾಲದಿಂದ ಹೊರಗೆ ಇರಲೇಬೇಕು. ಪೋಷಕರೇ, ನಿಮ್ಮ ಮನೆಯಲ್ಲೂ ಇಂಥದೇ ಪೆಟ್ಟಿಗೆ ಇರಬಹುದು. ಅದರ ಪಾಸ್‌ವರ್ಡ್ ಬದಲಾಗಿದೆಯೇ ಎಂದು ಇಂದು ಸಂಜೆ ಮಕ್ಕಳೊಡನೆ ಕುಳಿತು ನೋಡಬಾರದೇಕೆ?